ಮಿಡತೆಯ ಕಿವಿ ಎಲ್ಲಿದೆ

ಎರಿಸಾ ಕಿಗೊಂಗೊ ಮಸಾಕಾ ಊರಿನ ಹೊರಗಿನ ಗುಡ್ಡದ ಶಾಲೆಯಲ್ಲಿ ಇಪ್ಪತ್ತಮೂರು ವರ್ಷ ಲ್ಯಾಬ್ ಅಟೆಂಡರ್ ಆಗಿದ್ದ. ಗಾಜಿನ ಪಾತ್ರೆ ತೊಳೆಯುವುದು, ಕೊಯ್ದು ಬಿಟ್ಟ ಕಪ್ಪೆ ಹೂಳುವುದು, ಕ್ಲೋರೋಫಾರಂ ಬಾಟಲಿಗೆ ಬೀಗ ಹಾಕುವುದು, ಇಷ್ಟೇ ಅವನ ಕೆಲಸ. ಆದರೆ ಅವನು ನಡೆಯುವುದನ್ನು ನೋಡಿದವರು, ಭಗವಂತ ಪ್ರಾಣಿಗಳನ್ನು ಸೃಷ್ಟಿ ಮಾಡುವಾಗ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದವನು ಇವನೇ ಇರಬೇಕು ಅಂದುಕೊಳ್ಳಬೇಕು. ಶಾಲೆ ಕೊಟ್ಟ ಬಿಳಿ ಕೋಟನ್ನು ಮಾಂಸದ ಅಂಗಡಿಗೂ ಹಾಕಿಕೊಂಡು ಹೋಗುತ್ತಿದ್ದ, ಇಗರ್ಜಿಗೂ ಹಾಕಿಕೊಂಡು ಹೋಗುತ್ತಿದ್ದ. ಊರಿನವರು ಅವನನ್ನು ಮುಸಾವೊ ಎಂದು ಕರೆಯುತ್ತಿದ್ದರು. ಮುಸಾವೊ ಅಂದರೆ ವೈದ್ಯ. ಕರೆಯುವವರು ನಕ್ಕೊಂಡು ಕರೆಯುತ್ತಿದ್ದರು, ಅವನು ನಗದೆ ಓಗೊಡುತ್ತಿದ್ದ.

ಅವನು ಹುಡುಗನಾಗಿದ್ದಾಗ ಅದೇ ಶಾಲೆಯಲ್ಲಿ ಸೀನಿಯರ್ ಸಿಕ್ಸ್, ಅಂದರೆ ಕಡೆಯ ವರ್ಷದ, ಪರೀಕ್ಷೆಗೆ ಕೂತವನು. ಎರಡು ಸಲ ಕೂತ, ಎರಡು ಸಲವೂ ಬಯಾಲಜಿ ಪ್ರಾಕ್ಟಿಕಲ್‌ನಲ್ಲಿ ಬಿದ್ದ. ಮೊದಲ ಸಲ ಹಲಗೆಗೆ ಮೊಳೆ ಹೊಡೆದ ಕಪ್ಪೆಗೆ ಎಚ್ಚರವಾಯಿತು. ಕಪ್ಪೆ ಒಂದು ಕಾಲು ಅಲ್ಲಾಡಿಸಿತು, ಕಿಗೊಂಗೊ ಎರಡು ಕಾಲಲ್ಲಿ ಓಡಿ ಹೊರಗೆ ಬಂದ. ಎರಡನೆಯ ಸಲ ದೊಡ್ಡ ರಕ್ತನಾಳವನ್ನೇ ಕತ್ತರಿಸಿ, ಉತ್ತರ ಪತ್ರಿಕೆಯನ್ನೆಲ್ಲ ಕೆಂಪು ಮಾಡಿಟ್ಟ. ತಿದ್ದಿದವರಿಗೆ ತನ್ನ ಮೇಲೆ ಹೊಟ್ಟೆಕಿಚ್ಚಿತ್ತು ಅಂತ ಅವನು ಕಡೆಯವರೆಗೂ ಹೇಳುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಹೆಡ್‌ಮಾಸ್ತರರು ಕರುಣೆ ತೋರಿ, ಯಾವ ಕೋಣೆಯಿಂದ ಅವನು ಓಡಿದ್ದನೋ ಅದೇ ಕೋಣೆಯ ಕಸಬರಿಗೆ ಕೊಟ್ಟರು.

ಅವನ ಹೆಂಡತಿ ನಾಲ್ವೋಗಾ ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಲ್ಯಾಬಿಗೆ ಬೇಕಾದ ಕಪ್ಪೆಗಳನ್ನು ಹಿಡಿಯುತ್ತಿದ್ದವಳು ಅವಳು. ಬಾಳೆತೋಟದಲ್ಲಿ ಕೊಳೆತ ಎಲೆ ಎತ್ತಿದರೆ ಕಪ್ಪೆ ಎಲ್ಲಿ ಕೂತಿರುತ್ತದೆ ಅಂತ ಅವಳಿಗೆ ಗೊತ್ತಿತ್ತು. ಕಿಗೊಂಗೊಗೆ ಕಪ್ಪೆ ಮುಟ್ಟಿದರೆ ಈಗಲೂ ಬೆನ್ನು ಜುಂ ಅನ್ನುತ್ತಿತ್ತು. ಅವಳು ಬುಟ್ಟಿ ತುಂಬಿಸಿ ಕೊಟ್ಟರೆ ಇವನು ಬುಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ, 'ನಾನು ಸಂಗ್ರಹಿಸಿದ ಮಾದರಿಗಳು' ಅನ್ನುತ್ತಿದ್ದ.

ನವೆಂಬರ್ ಬಂತೆಂದರೆ ಅವನಿಗೆ ಸುಗ್ಗಿ. ಪರೀಕ್ಷೆಯ ತಿಂಗಳು. ಆರನೆಯ ವರ್ಷದ ಹುಡುಗ ಹುಡುಗಿಯರು ಸೋಡಾ, ಚಪಾತಿ ಹಿಡಿದುಕೊಂಡು ಅವನ ಮನೆಯ ಜಗಲಿಗೆ ಬರುತ್ತಿದ್ದರು, ಪುನರಾವರ್ತನೆಗೆ. ಶಾಲೆಯ ಮೇಷ್ಟರು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದೆಲ್ಲ ಇರುತ್ತಿತ್ತು. ಆದರೆ ಪರೀಕ್ಷೆಯ ಭಯ ಹಿಡಿದ ಮಕ್ಕಳು ಮೇಷ್ಟರನ್ನು ಬಿಟ್ಟು ಮಂತ್ರವಾದಿಯನ್ನು ಹುಡುಕುತ್ತಾರೆ.

"ಈ ಸಲ ಯಾವ ಪ್ರಾಣಿ ಬರುತ್ತೆ, ಮುಸಾವೊ?"

ಕಿಗೊಂಗೊ ಕಣ್ಣು ಮುಚ್ಚಿ, ಸೋಡಾ ಒಂದು ಗುಟುಕು ಕುಡಿದು, ಗಾಳಿಯನ್ನು ಮೂಸಿ ಹೇಳುತ್ತಿದ್ದ: "ಕಪ್ಪೆ."

ಪ್ರತಿ ವರ್ಷವೂ ಕಪ್ಪೆ. ಕಪ್ಪೆಯೇ ಬಂದರೆ, "ಹೇಳಿರಲಿಲ್ವಾ?" ಇಲಿ ಬಂದರೆ, "ಅಯ್ಯೋ ಮಂಕುಗಳಾ! ನಾನು ಕಪ್ಪೆ ಅಂದಿದ್ದು ಯಾಕೆ? ಗುಟ್ಟು ಬಿಡಬಾರ್ದು ಅಂತ. ನನ್ನ ಹುಬ್ಬು ನೋಡ್ಬೇಕಿತ್ತು, ಹುಬ್ಬು ಇಲಿ ಅಂತಿತ್ತು."

ಅವನ ಬಳಿ ಒಂದು ಹಳೆಯ ನೋಟ್‌ಬುಕ್ ಇತ್ತು. ತಾನು ಬಿದ್ದ ವರ್ಷ ತಾನೇ ಬರೆದುಕೊಂಡಿದ್ದು, ತಪ್ಪುಗಳ ಸಮೇತ. ಅದರಿಂದ ಅವನು ಕೂಗುವನು, ಮಕ್ಕಳು ತಿರುಗಿ ಕೂಗುವರು.

"ಮಿಡತೆಗೆ ಕಿವಿ ಎಲ್ಲಿ?"

"ಹೊಟ್ಟೆ ಪಕ್ಕದಲ್ಲಿ!"

"ಮಿಡತೆಗೆ ಕಾಲು ಎಷ್ಟು?"

"ಆರು!"

ನಾಲ್ವೋಗಾ ಒಳಗೆ ಬಾಳೆಕಾಯಿ ಸಿಪ್ಪೆ ತೆಗೆಯುತ್ತ ಕೇಳಿಸಿಕೊಳ್ಳುತ್ತಿದ್ದಳು. ಮಸಾಕಾದಲ್ಲಿ ಹುಟ್ಟಿ, ಮಿಡತೆ ಕಿತ್ತು ಹುರಿದು ತಿಂದೇ ಬೆಳೆದ ಮಕ್ಕಳಿಗೆ ಮಿಡತೆಯ ಕಾಲು ಎಣಿಸುವುದನ್ನು ಹೇಳಿಕೊಡುವುದೇ! ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ಅದಕ್ಕೆ ಸೋಡಾ ಬೇರೆ.

ಒಂದು ವರ್ಷ ಜಗಲಿಯ ಮೇಲೆ ಅವರ ಸ್ವಂತ ಮಗಳೂ ಕೂತಿದ್ದಳು. ನಂತುಮೆ, ಹತ್ತೊಂಬತ್ತು ವರ್ಷ, ಮಾತು ಕಡಿಮೆ, ಓದು ಹೆಚ್ಚು. ಅವಳಿಗೆ ನಿಜವಾದ ಮುಸಾವೊ ಆಗಬೇಕಿತ್ತು. ಬಯಾಲಜಿಯಲ್ಲಿ ಮೇಲಿನ ದರ್ಜೆ ಬಂದರೆ ಸರ್ಕಾರದ ಖರ್ಚಿನಲ್ಲಿ ಕಂಪಾಲಾದ ವೈದ್ಯ ಕಾಲೇಜು. ಬರದಿದ್ದರೆ ಅವಳ ಸ್ಸೆಂಗಾ ಕಾದು ಕೂತಿದ್ದಳು. ಸ್ಸೆಂಗಾ ಅಂದರೆ ಅಪ್ಪನ ತಂಗಿ, ಹೆಣ್ಣುಮಕ್ಕಳ ಮದುವೆಯ ಮಾತೆಲ್ಲ ಅವಳ ಕೈಯಲ್ಲೇ. ಲ್ವೆಂಗೊ ಕಡೆಯ ದನದ ವ್ಯಾಪಾರಿಯೊಬ್ಬನ ಮಗನನ್ನು ಅವಳು ಆಗಲೇ ನೋಡಿ ಇಟ್ಟಿದ್ದಳು. ಹುಡುಗನಿಗೆ ದನದ ಹಲ್ಲು ನೋಡಿ ವಯಸ್ಸು ಹೇಳಲು ಬರುತ್ತಿತ್ತು, ಮತ್ತೇನೂ ಬರುತ್ತಿರಲಿಲ್ಲ. ನಾಲ್ವೋಗಾ ಒಂದು ತಿಂಗಳಿಂದ ಮಗಳ ಕೈಯಿಂದ ನೀರಿನ ಕೊಡವನ್ನೂ ಕಸಿದುಕೊಂಡಿದ್ದಳು. "ನೀನು ಓದು. ಕೊಡ ಹೊರೋಕೆ ಆಮೇಲೆ ಬೇಕಾದಷ್ಟು ಆಯಸ್ಸಿದೆ."

ಪ್ರಾಕ್ಟಿಕಲ್‌ಗೆ ಯಾವ ಜೀವಿಗಳನ್ನು ಸಿದ್ಧ ಮಾಡಬೇಕು ಅಂತ ಒಂದು ಪಟ್ಟಿ ಮೊಹರು ಹಾಕಿ ಮೊದಲೇ ಬರುತ್ತದೆ. ಹೆಡ್‌ಮಾಸ್ತರರು ಬೀಗ ಹಾಕಿದ ಕೋಣೆಯಲ್ಲಿ ಅದನ್ನು ಓದಿ, ತರಬೇಕಾದವನು ಅವನೇ ಆದ್ದರಿಂದ ಕಿಗೊಂಗೊಗೆ ಹೇಳಿ, ಬೈಬಲ್ ಮುಟ್ಟಿಸಿ ಆಣೆ ಹಾಕಿಸುತ್ತಿದ್ದರು. ಆ ಗುಟ್ಟನ್ನು ಹೊತ್ತ ದಿನದಿಂದ ಕಿಗೊಂಗೊ ತುಂಬು ಬಸುರಿಯ ಹಾಗೆ ನಡೆಯುತ್ತಿದ್ದ, ಬೆನ್ನು ಹಿಂದಕ್ಕೆ ವಾಲಿಸಿ, ಮೆಟ್ಟಿಲು ನೋಡಿ ನೋಡಿ ಹೆಜ್ಜೆ ಇಟ್ಟು. ಯಾರಾದರೂ "ಊಟ ಆಯ್ತಾ?" ಅಂದರೂ, "ಅದನ್ನ ಹೇಳೋ ಹಾಗಿಲ್ಲ" ಅನ್ನುವನು.

ಪರೀಕ್ಷೆಯ ಹಿಂದಿನ ದಿನ ಬೆಳಗ್ಗೆ ಅವನು ಒಂದು ಗೋಣಿಚೀಲ ಹೊತ್ತು ತಂದು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಇಟ್ಟ. ಚೀಲ ತಾನೇ ಉಸಿರಾಡುತ್ತಿತ್ತು, ಒಳಗಿನಿಂದ ಸರಸರ ಸದ್ದು. ಮಸಾಕಾದ ಯಾವ ಹೆಂಗಸಿಗೂ ಆ ಸದ್ದು ಏನೆಂದು ಹೇಳಬೇಕಾಗಿಲ್ಲ. ನ್ಸೆನೆನೆ! ಮಳೆಯ ಜೊತೆ ಬರುವ ಹಸಿರು ಮಿಡತೆ, ಊರಿಗೆಲ್ಲ ಪ್ರೀತಿಯ ತಿಂಡಿ. ಗುಡ್ಡದ ಮೇಲೆ ದೊಡ್ಡ ದೀಪ ಹಚ್ಚಿ, ತಗಡು ನಿಲ್ಲಿಸಿ ಹಿಡಿಯುವವರ ಹತ್ತಿರ ಕೊಂಡು ತಂದಿದ್ದ.

ನಾಲ್ವೋಗಾ ಸಂಪ್ರದಾಯದಂತೆ ಮಂಡಿಯೂರಿ, ಗಂಡಸರಿಗೆ ಮರ್ಯಾದೆಗೆ ಅನ್ನುವ ಸ್ಸೆಬೊ ಸೇರಿಸಿ ಕೇಳಿದಳು, "ಇಷ್ಟೊಂದಾ, ಸ್ಸೆಬೊ? ಯಾರಾದ್ರೂ ನೆಂಟರು ಬರ್ತಾರಾ?"

"ಅದನ್ನ ಮುಟ್ಟಬೇಡ. ಬಾಯಿ ಬಿಡಬೇಡ. ಸರ್ಕಾರದ ವಿಷಯ."

"ಮಿಡತೆ ಸರ್ಕಾರದ್ದಾ?"

"ಹೆಂಗಸರಿಗೆ ಅರ್ಥ ಆಗಲ್ಲ," ಅಂದು ಕೋಟು ಕೊಡವಿ, ಲ್ಯಾಬಿನ ತಟ್ಟೆ ಜೋಡಿಸಲು ಹೋದ. ನಲವತ್ತೆರಡು ಮಕ್ಕಳಿಗೆ ಒಂದೊಂದು ಇಡೀ ಮಿಡತೆ ಬೇಕಿತ್ತು. ಇಡೀ ಅಂದರೆ ರೆಕ್ಕೆ, ಕಾಲು, ಮೀಸೆ ಎಲ್ಲ ಇರುವಂಥದ್ದು. ಅಷ್ಟು ಮಾತು ಹೇಳಿದ್ದರೆ ಅವನ ಸರ್ಕಾರ ಬಿದ್ದುಹೋಗುತ್ತಿತ್ತೇ? ಚೀಲದಿಂದ ಐವತ್ತು ತೆಗೆದು ಜಾಲರಿ ಪೆಟ್ಟಿಗೆಯಲ್ಲಿ ಹಾಕಿಡುವಷ್ಟಾದರೂ ಬುದ್ಧಿ ಇರಲಿಲ್ಲವೇ? ಇರಲಿಲ್ಲ. ಬುದ್ಧಿಯ ಜಾಗದಲ್ಲೆಲ್ಲ ಗುಟ್ಟು ತುಂಬಿಕೊಂಡಿತ್ತು.

ಹತ್ತು ಗಂಟೆಗೆ ಬಿಸಿಲು ಏರಿತು. ಉಗ್ರಾಣದಿಂದ ವಾಸನೆ ಹೊರಟಿತು. ಪಕ್ಕದ ಮನೆಯ ಮುದುಕಿ ಫೆಲಿಸ್ಟಾ ಬೇಲಿ ದಾಟಿ ಬಂದಳು. ಅವಳನ್ನು ಬೀದಿಯವರೆಲ್ಲ ಜಾಜಾ ಅನ್ನುತ್ತಿದ್ದರು, ಎಲ್ಲರಿಗೂ ಅಜ್ಜಿ.

"ಏನೇ ನಾಲ್ವೋಗಾ, ನ್ಸೆನೆನೆ ಚೀಲದಲ್ಲಿ ಹಾಗೇ ಇಟ್ಟಿದ್ದೀಯಾ? ನಿಂಗೇನು ತಲೆ ಕೆಟ್ಟಿದ್ಯಾ? ಇನ್ನೊಂದು ಗಳಿಗೆ ಬಿಟ್ರೆ ಗೊಬ್ಬರಕ್ಕೂ ಆಗಲ್ಲ."

"ಮುಟ್ಟಬೇಡ ಅಂದಿದ್ದಾರೆ, ಜಾಜಾ."

"ಅಂದಿರ್ತಾನೆ. ಗಂಡಸು ತರ್ತಾನೆ, ಮುಟ್ಟಬೇಡ ಅಂತಾನೆ, ಸಂಜೆ ಬಂದು ಇನ್ನೂ ಕಿತ್ತಿಲ್ವಾ ಅಂತಾನೆ. ನನ್ನ ಗಂಡ ಮೂವತ್ತು ವರ್ಷ ಹೀಗೇ ಮಾಡ್ದ. ನಮ್ಮ ಕಾಲದಲ್ಲಿ ಹೆಂಗಸರು ಇದನ್ನ ತಿನ್ನೋ ಹಾಗೂ ಇರ್ಲಿಲ್ಲ. ಕೀಳೋದು ನಾವು, ಅಗಿಯೋದು ಅವರು. ಬೂದಿ ತಗೊಂಡ್ ಬಾ."

ನಾಲ್ವೋಗಾ ಚೀಲದ ಬಾಯಿ ಬಿಚ್ಚಿ ನೋಡಿದಳು. ಅರ್ಧ ಮಿಡತೆ ಸತ್ತಿದ್ದವು, ಉಳಿದವು ಸಾಯುತ್ತಿದ್ದವು. ಕಣ್ಣೆದುರು ಒಳ್ಳೆಯ ಪದಾರ್ಥ ಕೊಳೆಯುವುದನ್ನು ನೋಡಿಕೊಂಡು ಕೂರುವ ಹೆಂಗಸು ಆ ಗುಡ್ಡದ ಮೇಲೆ ಹುಟ್ಟಿಲ್ಲ. ಚಾಪೆ ಹಾಸಿದಳು, ಬೂದಿ ಕಲಸಿದಳು. ಕೈಗೆ ಬೂದಿ ಹಚ್ಚಿಕೊಂಡರೆ ಅಂಟು ಹತ್ತುವುದಿಲ್ಲ. ಇಬ್ಬರೂ ಕೀಳತೊಡಗಿದರು: ಮೊದಲು ರೆಕ್ಕೆ, ಆಮೇಲೆ ಹಿಂಗಾಲು, ಆಮೇಲೆ ಸಣ್ಣ ಕಾಲು, ಕಡೆಗೆ ಮೀಸೆ.

ನಂತುಮೆ ತೊಡೆಯ ಮೇಲೆ ಪುಸ್ತಕ ತೆರೆದುಕೊಂಡೇ ಬಂದು ಚಾಪೆಯ ತುದಿಗೆ ಕೂತಳು.

"ನೀನು ಎದ್ದು ಹೋಗಿ ಓದು," ಅಂದಳು ತಾಯಿ.

"ಕಣ್ಣು ಓದುತ್ತೆ ಅಮ್ಮ, ಕೈ ಸುಮ್ನೆ ಇದೆ. ಅಪ್ಪ ಜಗಲೀಲಿ ಕೂಗಿಸಿದ್ದನ್ನೇ ಕೂಗಿಸಿ ನನ್ನ ತಲೇಲಿ ಕಪ್ಪೆ ಬಿಟ್ಟು ಬೇರೇನೂ ಇಲ್ಲ."

ಕೀಳುತ್ತ ಕೀಳುತ್ತ ಅವಳು ಒಂದೊಂದನ್ನು ತಿರುಗಿಸಿ ನೋಡತೊಡಗಿದಳು. ತಾಯಿ ಹೇಳಿದಳು, "ಹಿಂಗಾಲನ್ನ ಹಾಗೆ ಎಳೀಬೇಡ. ಬುಡದಲ್ಲಿ ಒಂದು ಗಿಣ್ಣು ಇದೆ ನೋಡು, ಅಲ್ಲಿ ಹಿಂದಕ್ಕೆ ಮಡಚಿದ್ರೆ ತಾನೇ ಬರುತ್ತೆ. ಬಾಲದಲ್ಲಿ ಕತ್ತಿ ಇರೋದು ಹೆಣ್ಣು. ಇಲ್ಲದ್ದು ಗಂಡು, ಅದೇ ಚೀರೋದು. ಕೆಲಸ ಹೆಣ್ಣಿನದು, ಕಿರುಚಾಟ ಗಂಡಿನದು, ಎಲ್ಲ ಜಾತೀಲೂ ಹಾಗೇ."

ಫೆಲಿಸ್ಟಾ ನಗುತ್ತ ಕೆಮ್ಮಿದಳು.

"ಅಮ್ಮ, ಕಿವಿ ಎಲ್ಲಿ?" ಅಂದಳು ನಂತುಮೆ. "ಪುಸ್ತಕದ ಚಿತ್ರದಲ್ಲಿ ಹೊಟ್ಟೆ ಪಕ್ಕ ಇದೆ. ಇದರ ಹೊಟ್ಟೇಲಿ ಎಷ್ಟು ಹುಡುಕಿದ್ರೂ ಇಲ್ಲ."

"ನಿಮ್ಮಪ್ಪನ ಕಿವಿಯೇ ಎಲ್ಲಿದೆ ಅಂತ ನಂಗೆ ಇಪ್ಪತ್ತು ವರ್ಷದಿಂದ ಗೊತ್ತಾಗಿಲ್ಲ, ಮಿಡತೇದು ಕೇಳ್ತೀಯ. ತಡಿ, ಮುಂಗಾಲು ನೋಡು. ಮೊಣಕಾಲ ಕೆಳಗೆ ಎರಡು ಸಣ್ಣ ಸೀಳು ಇಲ್ವಾ? ಚಿಕ್ಕವಳಿದ್ದಾಗ ಅದು ಇನ್ನೊಂದು ಜೊತೆ ಕಣ್ಣು ಅಂದ್ಕೊಂಡಿದ್ದೆ ನಾನು. ಅಲ್ಲಿ ಹುಲ್ಲುಕಡ್ಡಿ ತಾಗಿಸಿದ್ರೆ ಬೆಚ್ಚಿ ಬೀಳ್ತಿತ್ತು."

ನಂತುಮೆ ಒಂದು ಮುಂಗಾಲನ್ನು ಬೆಳಕಿಗೆ ಹಿಡಿದಳು. ಇನ್ನೊಂದು ಹಿಡಿದಳು. ಪುಸ್ತಕ ತಿರುವಿದಳು. ಚಿತ್ರದಲ್ಲಿದ್ದದ್ದು ಮರುಭೂಮಿಯ ಮಿಡತೆ, ಗಿಡ್ಡ ಮೀಸೆಯದು. ಚಾಪೆಯ ಮೇಲಿದ್ದದ್ದು ಮೈಗಿಂತ ಉದ್ದ ಮೀಸೆಯದು. ಬೇರೆಯೇ ಕುಲ. ಸೀಳಿನ ಮೇಲೆ ಉಗುರು ಇಟ್ಟು ತುಂಬ ಹೊತ್ತು ನೋಡಿದಳು.

ಒಂದು ಗಂಟೆಗೆ ಕಿಗೊಂಗೊ ಊಟಕ್ಕೆ ಬಂದ. ಬಾಗಿಲಲ್ಲಿ ನಿಂತ. ಚೀಲ ಖಾಲಿ. ಎರಡು ಬೋಗುಣಿ ತುಂಬ ಬೋಳು ಮಿಡತೆ, ಕೂತವರ ಸೊಂಟದವರೆಗೆ ರೆಕ್ಕೆ ಕಾಲುಗಳ ರಾಶಿ. ಅವನ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಆಣೆ ಹಾಕಿದ್ದಾನೆ, ಎದುರಿಗೆ ಪರೀಕ್ಷೆ ಬರೆಯುವ ಮಗಳು ಕೂತಿದ್ದಾಳೆ. ಕಾರಣ ಹೇಳುವ ಹಾಗಿಲ್ಲ. ಕಾರಣ ಹೇಳದೆ ಬೈಯಲು ಬರುವುದಿಲ್ಲ. ನೀರಿನಿಂದ ಎತ್ತಿದ ಮೀನು ಹೀಗೇ ಮಾಡುತ್ತದೆ.

"ಯಾಕೆ ಮುಸಾವೊ, ಹೊಟ್ಟೆ ನೋವಾ?" ಅಂದಳು ಫೆಲಿಸ್ಟಾ. "ಎಷ್ಟು ಚೊಕ್ಕ ಮಾಡಿದ್ದೀವಿ ನೋಡು. ಸರ್ಕಾರ ಸಂತೋಷ ಪಡುತ್ತೆ."

ಅವನು ಗೋಡೆಗೆ ಒರಗಿ ಕುಕ್ಕರಿಸಿದ. "ನಾಳೆ... ನಾಳೆ..." ಅಂದು ತಲೆಯ ಮೇಲೆ ಕೈ ಇಟ್ಟ.

ನಂತುಮೆ ಅಪ್ಪನ ಮುಖ ನೋಡಿದಳು, ಬೋಗುಣಿ ನೋಡಿದಳು, ಪುಸ್ತಕ ಮುಚ್ಚಿದಳು. ಅವಳಿಗೆ ತಿಳಿಯಿತು. ಮಗಳ ಮುಖ ನೋಡಿ ನಾಲ್ವೋಗಾಗೂ ತಿಳಿಯಿತು. ಕೈಯಲ್ಲಿದ್ದ ಮಿಡತೆ ಜಾರಿ ಬಿತ್ತು. ತನ್ನ ಮಗಳ ಪರೀಕ್ಷೆಯನ್ನು ತಾನೇ ಕೂತು, ಒಂದೊಂದೇ ಕಾಲು, ಕಿತ್ತು ಹಾಕಿದ್ದಳು.

"ಅಪ್ಪ ಏನೂ ಹೇಳಿಲ್ಲ," ಅಂದಳು ನಂತುಮೆ ಮೆಲ್ಲಗೆ. "ನಾನು ಏನೂ ಕೇಳಿಲ್ಲ. ಇವತ್ತು ಮಸಾಕಾ ಪೂರ್ತಿ ಮಿಡತೆ ಕೀಳ್ತಿದೆ, ನಾವೂ ಕಿತ್ತಿದ್ದೀವಿ, ಅಷ್ಟೇ." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಿಗೊಂಗೊ ಪೇಟೆಗೆ ಓಡಿದ. ಪೇಟೆಯಲ್ಲಿ ರಾಶಿ ರಾಶಿ ಮಿಡತೆ ಇತ್ತು, ಎಲ್ಲವೂ ಬೋಳು. ಮಸಾಕಾದಲ್ಲಿ ರೆಕ್ಕೆ ಇರುವ ಮಿಡತೆ ಮಾರಿದರೆ ಜನ ಮುಖಕ್ಕೆ ಎಸೆಯುತ್ತಾರೆ. ದೀಪದವರು, ಮೋಡ ಚದುರಿ ಚಂದ್ರ ಕಾಣುತ್ತಾನೆ, ಇವತ್ತು ಮಿಡತೆ ದೀಪಕ್ಕೆ ಬರುವುದಿಲ್ಲ ಎಂದರು. ಹೆಡ್‌ಮಾಸ್ತರರಿಗೆ ಹೇಳಲು ಕಾಲು ಬರಲಿಲ್ಲ. ಮನೆಗೆ ಬಂದವನು ಮೇಜಿನ ಮೇಲೆ ಗೋಂದಿನ ಬಾಟಲಿ ಇಟ್ಟು, ಕಸದ ರಾಶಿಯಿಂದ ರೆಕ್ಕೆ ಹೆಕ್ಕಿ, ಬೋಳು ಮಿಡತೆಗಳಿಗೆ ಅಂಟಿಸತೊಡಗಿದ!

ನಾಲ್ವೋಗಾ ಬಂದು ನೋಡಿದಳು. ಒಂದಕ್ಕೆ ಎರಡೂ ಎಡರೆಕ್ಕೆ. ಒಂದಕ್ಕೆ ಕಾಲು ತಲೆಯಲ್ಲಿ. ಅವನ ಹೆಬ್ಬೆರಳಿಗೆ ಮೂರು ಮೀಸೆ ಅಂಟಿಕೊಂಡಿತ್ತು.

"ದೇವರು ಆರು ದಿನ ತಗೊಂಡ, ಸ್ಸೆಬೊ," ಅಂದಳು, ಮಂಡಿಯೂರಿಯೇ. "ನೀವು ಒಂದು ಸಂಜೇಲಿ ಮುಗಿಸ್ತೀರಾ?"

"ನೀನೇ ಹಾಳು ಮಾಡಿದ್ದು! ಮುಟ್ಟಬೇಡ ಅಂದಿದ್ನೋ ಇಲ್ವೋ?"

"ಅಂದಿದ್ರಿ. ಯಾಕೆ ಅಂತ ಹೇಳಿದ್ರೆ ನಿಮ್ಮ ಬಾಯಲ್ಲಿ ಮುತ್ತು ಉದುರ್ತಿತ್ತಾ? ಬೇಡ, ಮಗಳ ಹೆಸರು ಹೇಳಬೇಡಿ, ಪರೀಕ್ಷೆ ಹೆಸರು ಹೇಳಬೇಡಿ. 'ರೆಕ್ಕೆ ಬೇಕು' ಅಂದಿದ್ರೆ ಸಾಕಿತ್ತು. ಅಷ್ಟು ಹೇಳಿಸ್ಕೊಳ್ಳೋಕೂ ನಾನು ಲಾಯಕ್ಕಿಲ್ಲ. ಹುಡುಗರ ಮುಂದೆ ಸೋಡಾ ಕುಡಿದು ಹುಬ್ಬು ಕುಣಿಸ್ತೀರಿ, ಹೆಂಡತಿ ಹತ್ರ ಸರ್ಕಾರ!"

ಇಪ್ಪತ್ತು ವರ್ಷದಲ್ಲಿ ಅವಳು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅವನು ಒಂದಕ್ಕೊಂದು ಅಂಟಿಕೊಂಡಿದ್ದ ಬೆರಳುಗಳನ್ನು ಬಿಡಿಸತೊಡಗಿದ.

ದೀಪ, ತಗಡು ಎಲ್ಲ ಈಚೆಗೆ ಬಂದದ್ದು. ನಾಲ್ವೋಗಾಳ ತಾಯಿಯ ಕಾಲದಲ್ಲಿ ಮಿಡತೆಯನ್ನು ಹುಲ್ಲಿನಲ್ಲಿ ಕೈಯಿಂದ ಹಿಡಿಯುತ್ತಿದ್ದರು. ಬೆಳಗಿನ ಇಬ್ಬನಿಯಲ್ಲಿ ರೆಕ್ಕೆ ಒದ್ದೆಯಾಗಿ, ಚಳಿಗೆ ಮರಗಟ್ಟಿ, ಹುಲ್ಲಿನ ಬುಡಕ್ಕೆ ತಲೆ ಕೆಳಗಾಗಿ ಅಪ್ಪಿಕೊಂಡಿರುತ್ತದೆ. ಸೂರ್ಯ ತಾಗಿದರೆ ಮುಗಿಯಿತು, ಒಂದೂ ಸಿಗುವುದಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅವಳು ಫೆಲಿಸ್ಟಾಳನ್ನು ಎಬ್ಬಿಸಿಕೊಂಡು ಇಗರ್ಜಿಯ ಹಿಂದಿನ ಇಳಿಜಾರಿಗೆ ಹೋದಳು. ಮೊಣಕಾಲವರೆಗೆ ಒದ್ದೆಯಾಗಿ, ಬಗ್ಗಿ, ಎರಡು ಬೆರಳಲ್ಲಿ ಬೆನ್ನು ಹಿಡಿದು ಒಂದೊಂದೇ ಎತ್ತಿದರು. ಕಾಲು ಹಿಡಿದರೆ ಕಾಲು ಬಿಟ್ಟು ಹೋಗುತ್ತದೆ ಅಂತ ಅವರಿಗೆ ಯಾವ ನೋಟ್‌ಬುಕ್ಕೂ ಹೇಳಬೇಕಾಗಿರಲಿಲ್ಲ.

"ಎಪ್ಪತ್ತು ವರ್ಷಕ್ಕೆ ಮಿಡತೆ ಮೆರವಣಿಗೆ ನಂದು," ಗೊಣಗಿದಳು ಮುದುಕಿ. "ಎಷ್ಟಾಯ್ತೇ?"

"ಮೂವತ್ತೊಂಬತ್ತು."

"ಇನ್ನು ಮೂರು. ಆಮೇಲೆ ನಿನ್ನ ಗಂಡನ್ನ ಹಿಡಿದು ಬುಟ್ಟಿಗೆ ಹಾಕು."

ಬಿಸಿಲು ಇಳಿಜಾರನ್ನು ಮುಟ್ಟುವಷ್ಟರಲ್ಲಿ ಐವತ್ತೊಂದು ಆಗಿದ್ದವು, ಎಲ್ಲಕ್ಕೂ ಆರು ಕಾಲು, ಉದ್ದ ಮೀಸೆ. ಲ್ಯಾಬಿನ ಹಿಂಬಾಗಿಲಲ್ಲಿ ಕಿಗೊಂಗೊ ಬುಟ್ಟಿ ಇಸಿದುಕೊಂಡ. ಮುಂದಿನ ಕೋಣೆಯಿಂದ ಹೆಡ್‌ಮಾಸ್ತರರ ದನಿ ಕೇಳಿತು, "ಸಿದ್ಧವೇ, ಕಿಗೊಂಗೊ?" ಅವನು ಬೆನ್ನು ನೆಟ್ಟಗೆ ಮಾಡಿಕೊಂಡು, "ಕಷ್ಟಪಟ್ಟು ಸಂಗ್ರಹಿಸಿದ್ದೇನೆ, ಸ್ಸೆಬೊ," ಅಂದ. ಹಿಂಬಾಗಿಲು ನಾಲ್ವೋಗಾಳ ಮುಖಕ್ಕೆ ಮುಚ್ಚಿಕೊಂಡಿತು.

ಪರೀಕ್ಷೆ ಮುಗಿದು ಮಕ್ಕಳು ಹೊರಗೆ ಬಂದಾಗ ಕಿಗೊಂಗೊ ಅಂಗಳದಲ್ಲಿ ನಿಂತು ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದ. 'ಧ್ವನಿ ಗ್ರಹಿಸುವ ಅಂಗ ತೋರಿಸಿ. ನಿಮ್ಮ ಮುಂದಿರುವುದನ್ನು ನೋಡಿ ಬರೆಯಿರಿ, ನೆನಪಿನಿಂದ ಬೇಡ' ಅಂತ ಒಂದು ಪ್ರಶ್ನೆ ಇತ್ತಂತೆ. ಬಂದವರೆಲ್ಲ "ಹೊಟ್ಟೆ ಪಕ್ಕ, ಮುಸಾವೊ" ಅಂದರು. ಅವನು ಎಲ್ಲರ ಬೆನ್ನು ತಟ್ಟಿದ.

"ನೀನು?" ಅಂದ ಮಗಳಿಗೆ.

"ಮುಂಗಾಲಲ್ಲಿ ಬರೆದೆ. ಮೊಣಕಾಲ ಕೆಳಗಿನ ಸೀಳು."

ಕಿಗೊಂಗೊಗೆ ಹಲಗೆಯ ಮೇಲಿನ ಕಪ್ಪೆಗೆ ಎಚ್ಚರವಾದ ದಿನ ಹೇಗಾಗಿತ್ತೋ ಹಾಗಾಯಿತು. "ಕಾಲಲ್ಲಿ ಕಿವಿನಾ? ಕಾಲಲ್ಲಿ ಯಾರಾದ್ರೂ ಕೇಳಿಸ್ಕೋತಾರಾ? ಅಯ್ಯೋ, ನನ್ನ ಮಾನ ಕಳೆದ್ಯಲ್ಲೇ! ನಲವತ್ತೊಂದು ಜನ ಸರಿ ಬರೆದಿದ್ದಾರೆ, ನನ್ನ ಮಗಳೊಬ್ಬಳು ಕಾಲಿಗೆ ಕಿವಿ ಇಟ್ಟಿದ್ದಾಳೆ. ಯಾರು ಹೇಳಿದ್ದು ನಿಂಗೆ?"

"ಅಮ್ಮ ತೋರಿಸಿದ್ಲು. ನಾನು ನೋಡ್ದೆ."

"ಮೂರನೇ ಕ್ಲಾಸಿನ ಪ್ರೊಫೆಸರ್!"

ನಾಲ್ವೋಗಾ ಅಲ್ಲೇ ಬೇಲಿಯ ಪಕ್ಕ ನಿಂತಿದ್ದಳು. ತಾನು ಚಾಪೆಯ ಮೇಲೆ ಹರಟಿದ್ದನ್ನು ಹುಡುಗಿ ಪರೀಕ್ಷೆಯಲ್ಲಿ ಬರೆದುಬಿಟ್ಟಿದ್ದಾಳೆ. ಅಂದಿನಿಂದ ಫಲಿತಾಂಶ ಬರುವವರೆಗೆ ಅವಳು ಸರಿಯಾಗಿ ಊಟ ಮಾಡಲಿಲ್ಲ. ಕಿಗೊಂಗೊ ಮಾತ್ರ ಎರಡು ಹೊತ್ತೂ ಉಂಡು, ಬಂದವರಿಗೆಲ್ಲ ಹೆಂಡತಿ ಮಗಳನ್ನು ಕೆಡಿಸಿದ ಕಥೆ ಹೇಳಿದ. ಸ್ಸೆಂಗಾಗೂ ಹೇಳಿ ಕಳಿಸಿದ: ದನದ ವ್ಯಾಪಾರಿಯವರು ಬರುವುದಾದರೆ ಬರಲಿ.

ಅವರು ಬರುವ ಮೊದಲು ಫಲಿತಾಂಶ ಬಂತು. ಗುಡ್ಡದ ಶಾಲೆಯಲ್ಲಿ ಬಯಾಲಜಿಗೆ ಮೇಲಿನ ದರ್ಜೆ ಬಂದದ್ದು ಒಬ್ಬಳಿಗೆ. ಹೆಡ್‌ಮಾಸ್ತರರು ಮನೆಗೇ ಬಂದು ನಂತುಮೆಯ ಕೈ ಕುಲುಕಿದರು. ಉಳಿದ ನಲವತ್ತೊಂದು ಜನರ ತಂದೆತಾಯಿಯರು, ಜಗಲಿಗೆ ಹೊತ್ತ ಸೋಡಾ ನೆನೆಸಿಕೊಂಡು ಬೀದಿಯಲ್ಲಿ ಕಿಗೊಂಗೊನನ್ನು ಕಂಡರೆ ಬೇರೆ ದಾರಿ ಹಿಡಿದರು. ಅವನಿಗೆ ಅದು ಮರ್ಯಾದೆ ಕೊಟ್ಟು ದಾರಿ ಬಿಟ್ಟಂತೆ ಕಂಡಿತು.

ಕಂಪಾಲಾಗೆ ಹೊರಡುವ ದಿನ ನಾಲ್ವೋಗಾ ಮಗಳ ಪೆಟ್ಟಿಗೆ ಹೊತ್ತು ವ್ಯಾನಿನ ನಿಲ್ದಾಣಕ್ಕೆ ಬಂದಳು. ಕಿಗೊಂಗೊ ಮುಂಚೆಯೇ ವ್ಯಾನಿನೊಳಗೆ ಹತ್ತಿ, ಸೀಟುಗಳ ನಡುವೆ ಬಗ್ಗಿ ನಿಂತು ಪ್ರಯಾಣಿಕರಿಗೆ ಭಾಷಣ ಕೊಡುತ್ತಿದ್ದ. "ನನ್ನ ಮಗಳು. ವೈದ್ಯ ಕಾಲೇಜು. ಪೂರ್ತಿ ನಾನೇ ತಯಾರು ಮಾಡಿದ್ದು. ಮಿಡತೆಗೆ ಕಿವಿ ಎಲ್ಲಿ ಗೊತ್ತಾ ನಿಮಗೆ? ಕಾಲಲ್ಲಿ! ಯಾರಿಗೂ ಗೊತ್ತಿರಲ್ಲ. ನಾನು ಇಪ್ಪತ್ತಮೂರು ವರ್ಷದಿಂದ ಹೇಳ್ತಾ ಬಂದಿದ್ದೀನಿ."

ಒಬ್ಬ ಮುದುಕ ತನ್ನ ಕಾಲನ್ನು ನೋಡಿಕೊಂಡ. ಕಿಟಕಿಯ ಪಕ್ಕ ಕೂತಿದ್ದ ನಂತುಮೆ ಅಮ್ಮನತ್ತ ತಿರುಗಿದಳು. ಅವಳ ಬಾಯಿ ತೆರೆಯಿತು. ನಾಲ್ವೋಗಾ ಬೇಡ ಅಂತ ತಲೆ ಆಡಿಸಿ, ಕಿಟಕಿಯೊಳಗೆ ಕೈ ಹಾಕಿ ಮಗಳ ಕೆನ್ನೆ ಮುಟ್ಟಿದಳು.

"ಹೇಳ್ಕೊಳ್ಲಿ ಬಿಡು," ಅಂದಳು. "ನೀನು ಹೋಗ್ತಿದ್ದೀಯಲ್ಲ, ಅಷ್ಟು ಸಾಕು. ಅಲ್ಲಿ ಯಾರೇ ಏನೇ ಕೂಗಿಸಿದ್ರೂ ಮೊದಲು ತಿರುಗಿಸಿ ನೋಡು."

ಕಂಡಕ್ಟರ್ ಬಾಗಿಲನ್ನು ದಡದಡ ಬಡಿದ. "ಯಜಮಾನ್ರೇ, ಕಂಪಾಲಾಗೆ ಬರ್ತೀರಾ? ಬರೋದಾದ್ರೆ ಕೂರಿ, ಇಲ್ದಿದ್ರೆ ಇಳೀರಿ. ಒಂದು ಸೀಟಿನ ಜಾಗದಲ್ಲಿ ಶಾಲೆ ನಡೆಸ್ಬೇಡಿ."

ವ್ಯಾನೆಲ್ಲ ನಕ್ಕಿತು. ಕಿಗೊಂಗೊ ಇಳಿದ, ಆದರೂ ಮಾತು ಮುಗಿದಿರಲಿಲ್ಲ. ಹೊರಟ ವ್ಯಾನಿನ ಪಕ್ಕ ನಾಲ್ಕು ಹೆಜ್ಜೆ ಓಡುತ್ತ, ಬೆರಳೆತ್ತಿ ಕೂಗಿದ, "ಅಲ್ಲಿ ಮೊದಲು ಕಪ್ಪೆನೇ ಕೊಡ್ತಾರೆ! ಕಪ್ಪೆ ಓದಿಕೋ!"